ಪಂಡಿತಾ ರಮಾಬಾಯಿಯವರ ಚರಿತ್ರೆಯೂ ನಮ್ಮ ಹಳ್ಳಿಗಳ ಒಂದು ಕೇಡೂ



ಬೆಳಗಾವಿಯಿಂದ ಖಾನಾಪುರಕ್ಕೂ ಅಲ್ಲಿಂದ ಲೋಂಡಾ, ಜಾಂಬೋಟಿ, ಕಣಕುಂಬಿಗಳ ಕಡೆಗೂ ಸಭೆಗಳನ್ನು ಸಂದರ್ಶಿಸುತ್ತಾ ತಿರುಗುವ ನಾವು ಒಂದು ಮನೆಯನ್ನು ಮರೆಯಲಾರೆವು. ಆ ಮನೆಯ ಯಜಮಾನನು ಸೆರೆಗೆ ವಶನಾಗಿದ್ದನು. ನಾವು ಮೂರು ಸಾರಿ ಅಲ್ಲಿಗೆ ಹೋಗಿ ಕುಡಿತದ ವಿಷಯವಾಗಿ ಬುದ್ಧಿ ಹೇಳಿ, ಪ್ರಾರ್ಥನೆ ಮಾಡಿ, ಅವರು ಕೊಟ್ಟ ಚಹಾ ಕುಡಿದು ಹಿಂದಿರುಗಿದೆವು. ನಾಲ್ಕನೆಯ ಸಾರಿ ಹೋದಾಗ ಹಿರಿಯ ಮಗಳು ಮನೆಯಲ್ಲಿರಲಿಲ್ಲ. ಮನೆಗೆಲಸಕ್ಕೆಂದು ದೂರದ ಊರಿಗೆ ಹೋಗಿದ್ದಾಳೆಂದು ತಾಯಿಯು ನೆಲವನ್ನು ನೋಡುತ್ತಾ ಹೇಳಿದಳು. ಕರೆದುಕೊಂಡು ಹೋದವನು ಯಾರು, ಯಾವ ಮನೆಯ ಕೆಲಸ, ಸಂಬಳವೆಷ್ಟು, ಪತ್ರವಾಗಲಿ ಫೋನಾಗಲಿ ಬರುತ್ತದೋ ಎಂದು ನಾವು ಒಂದು ಮಾತನ್ನೂ ವಿಚಾರಿಸಲಿಲ್ಲ. ಒಂದು ವರ್ಷವಾದ ಮೇಲೆ ನಮಗೆ ತಿಳಿದುಬಂದದ್ದೇನಂದರೆ, ತಂದೆಗೆ ದಿನವೂ ಸಾಲವಾಗಿ ಸೆರೆ ಕೊಡಿಸುತ್ತಿದ್ದವನೂ ಮಗಳನ್ನು ಒಯ್ದು ಮಾರಿದವನೂ ಒಬ್ಬನೇ ಆಗಿದ್ದನು. ನಾವು ಬೇರೆ ಬೇರೆ ಎರಡು ಪಾಪಗಳೆಂದು ಎಣಿಸಿದ್ದು ಒಂದೇ ಹಗ್ಗದ ಎರಡು ಎಳೆಗಳಾಗಿದ್ದವು.

ಅಂದಿನಿಂದ ನಾವು ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಹೊಸದಾಗಿ ಓದತೊಡಗಿದೆವು. ಈಕೆಯು ವಿದ್ಯಾವತಿಯೆಂದೂ ವಿಧವೆಯರ ತಾಯಿಯೆಂದೂ ಎಲ್ಲರೂ ಬಲ್ಲರು. ಆದರೆ ಹೆಣ್ಣುಮಕ್ಕಳನ್ನು ಹಿಡಿದು ಮಾರುವವರ ಉಪಾಯಗಳನ್ನು ಕಣ್ಣಾರೆ ಕಂಡು, ಅವರ ಕೈಯಿಂದ ನೂರಾರು ಮಕ್ಕಳನ್ನು ಬಿಡಿಸಿದ ಸ್ತ್ರೀ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಅಷ್ಟಾಗಿ ಲಕ್ಷಿಸಿದ್ದಿಲ್ಲ. ಆದಕಾರಣ ಅವರ ಚರಿತ್ರೆಯನ್ನು ಆ ಒಂದು ದೃಷ್ಟಿಯಿಂದ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಬಾಲ್ಯವೂ ಬರಗಾಲವೂ

ರಮಾಬಾಯಿಯವರು ನಮ್ಮ ಕರ್ನಾಟಕದಲ್ಲೇ ಹುಟ್ಟಿದವರು. ಕಾರ್ಕಳದ ಬಳಿಯ ಮಾಳದ ಕಡೆಯವರಾದ ಅನಂತ ಶಾಸ್ತ್ರಿ ಡೋಂಗ್ರೆ ಎಂಬ ಚಿತ್ಪಾವನ ಬ್ರಾಹ್ಮಣರು ಇವರ ತಂದೆ, ಲಕ್ಷ್ಮೀಬಾಯಿಯವರು ತಾಯಿ. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರೆಂಬ ಕಾರಣಕ್ಕೆ ಶಾಸ್ತ್ರಿಗಳು ತಮ್ಮ ಜಾತಿಯವರ ಸಿಟ್ಟಿಗೆ ಗುರಿಯಾದರು. ಜನರ ಕಾಟ ಬೇಡವೆಂದು ಅವರು ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿ 1858ನೆಯ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ಕೂಸಿಗೆ ಆರು ತಿಂಗಳಾದಾಗ ಮನೆಯವರು ಊರೂರು ಯಾತ್ರೆಗೆ ಹೊರಟರು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರಂತೆ. ಅಂದಿನಿಂದ ಅವರಿಗೆ ಸ್ಥಿರವಾದ ಮನೆಯೆಂಬುದಿರಲಿಲ್ಲ. ದೇವಸ್ಥಾನಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣ ಓದಿ, ಜನರು ಕೊಟ್ಟದ್ದರಿಂದ ಜೀವನ ಮಾಡಿದರು. ತಾಯಿಯ ಬಾಯಿಂದಲೇ ರಮಾಬಾಯಿಯವರು ಸಾವಿರಾರು ಶ್ಲೋಕಗಳನ್ನು ಕಲಿತರು.

1874ರಿಂದ 1877ರ ವರೆಗೆ ದಕ್ಷಿಣ ದೇಶವನ್ನು ಬರವು ಹಿಂಡಿತು. ಕೂಲಿ ಮಾಡಿ ಅರಿಯದ ಈ ಕುಟುಂಬವು ಇದ್ದಬದ್ದ ಪಾತ್ರೆಗಳನ್ನೂ ಒಡವೆಗಳನ್ನೂ ಮಾರಿ, ಕಡೆಗೆ ಎಲೆಗಳನ್ನು ತಿಂದು ದಿನಗಳನ್ನು ಕಳೆಯಿತು. ತಂದೆ ತೀರಿಕೊಂಡರು, ಸ್ವಲ್ಪ ಕಾಲದಲ್ಲಿಯೇ ತಾಯಿಯೂ, ಅಕ್ಕನೂ ಹೋದರು. ಉಳಿದವರು ರಮಾಬಾಯಿಯವರೂ ಅಣ್ಣ ಶ್ರೀನಿವಾಸನೂ ಇಬ್ಬರೇ. ಇವರು ಉತ್ತರದೇಶದ ವರೆಗೆ ಕಾಲುನಡಿಗೆಯಿಂದ ಹೋದರು. ಒಮ್ಮೆ ಪಂಜಾಬಿನಲ್ಲಿ ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲಾ ಮರಳಿನಿಂದ ಮುಚ್ಚಿಕೊಂಡು ರಾತ್ರಿಯನ್ನು ಕಳೆದರು.

ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆಗ ರಮಾಬಾಯಿಯವರು ಹದಿನಾರು, ಹದಿನೇಳು ವರ್ಷದ ಹುಡುಗಿ. ಹಸಿದ ಹುಡುಗಿಗೆ ಅನ್ನ ತೋರಿಸಿ ಕರೆಯುವವರು ಎಲ್ಲಾ ಬರಗಾಲಗಳಲ್ಲಿಯೂ ಇದ್ದಾರೆ. ಅಣ್ಣನೊಬ್ಬನು ಜೊತೆಯಲ್ಲಿದ್ದುದರಿಂದ ತಾವು ಉಳಿದೆವೆಂಬುದನ್ನು ಅವರು ಎಂದಿಗೂ ಮರೆಯಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ ಬೇರೊಂದು ಬರದಲ್ಲಿ ಅಂಥಾ ಹುಡುಗಿಯರನ್ನು ಕಂಡಾಗ, ಅವರಲ್ಲಿ ತಮ್ಮನ್ನೇ ಕಂಡರು.

ಕಲ್ಕತ್ತೆಯೂ ವೈಧವ್ಯವೂ

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿನ ಪಂಡಿತರು ಈ ತರುಣಿಯ ಸಂಸ್ಕೃತ ಜ್ಞಾನವನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ತೀರಿಹೋದನು. ಅದೇ ವರ್ಷದಲ್ಲಿ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ವರನು ಬೇರೆ ಜಾತಿಯವನಾದುದರಿಂದ ಇಬ್ಬರೂ ಬಹಿಷ್ಕಾರವನ್ನು ಅನುಭವಿಸಬೇಕಾಯಿತು. 1881ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. 1882ರಲ್ಲಿ ಕಾಲರಾ ರೋಗದಿಂದ ಗಂಡನು ಸತ್ತನು. ಇಪ್ಪತ್ತಮೂರು ವರ್ಷದ ವಿಧವೆಯು ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಸರ್ಕಾರದ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕರೂ ಹೆಣ್ಣು ವೈದ್ಯರೂ ಬೇಕೆಂದು ಸಾಕ್ಷಿ ನುಡಿದರು.

1883ರಲ್ಲಿ ವೈದ್ಯ ವಿದ್ಯೆಯನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದುದರಿಂದ ಆ ವಿದ್ಯೆ ಕೂಡಿಬರಲಿಲ್ಲ. ಆದರೆ ಅಲ್ಲಿ ಅವರಿಗೆ ಬೇರೊಂದು ವಿದ್ಯೆಯು ದೊರೆಯಿತು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರು ಅವರನ್ನು ಲಂಡನ್ನಿನ ಫುಲ್ಹಾಮ್ ಎಂಬಲ್ಲಿ ತಾವು ನಡಿಸುತ್ತಿದ್ದ ಮನೆಗೆ ಕಳುಹಿಸಿದರು. ಬೀದಿಯ ಪಾಲಾಗಿ ಕೆಟ್ಟ ಹೆಂಗಸರನ್ನು ತಂದು ಸಾಕಿ, ಕೆಲಸ ಕಲಿಸಿ, ಮನುಷ್ಯರಂತೆ ನಿಲ್ಲಿಸುವ ಮನೆ ಅದು. ಅಂಥಾ ಹೆಂಗಸನ್ನು ಊರಿನಿಂದ ಹೊರಗೆ ಹಾಕುವುದನ್ನು ಮಾತ್ರ ಕಂಡಿದ್ದ ರಮಾಬಾಯಿಯವರು, ಆಕೆಯನ್ನು ಕೈಹಿಡಿದು ಒಳಗೆ ಕರೆಯುವವರನ್ನು ಮೊದಲ ಸಾರಿ ಕಂಡರು. ಇದಕ್ಕೆ ಕಾರಣವೇನೆಂದು ಕೇಳಿದಾಗ ಸಹೋದರಿಯೊಬ್ಬಳು ಯೋಹಾನನ ಸುವಾರ್ತೆಯಲ್ಲಿರುವ ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಓದಿ ತಿಳಿಸಿದಳು. 1883ನೆಯ ಸೆಪ್ಟೆಂಬರ್ 29ರಂದು ಅವರು ಮಗಳೊಂದಿಗೆ ದೀಕ್ಷಾಸ್ನಾನ ಹೊಂದಿದರು.

ಅಮೇರಿಕವೂ ಬಿಳಿ ಪಟ್ಟಿಯ ಸ್ತ್ರೀಯರೂ

1886ರಲ್ಲಿ ರಮಾಬಾಯಿಯವರು ಅಮೇರಿಕ ದೇಶಕ್ಕೆ ಹೋದರು. ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ವೈದ್ಯ ಪದವಿಯನ್ನು ಹೊಂದುವ ಸಮಾರಂಭವನ್ನು ಕಾಣಲಿಕ್ಕೆ ಹೋದವರು ಎರಡು ವರ್ಷಕ್ಕೂ ಹೆಚ್ಚಾಗಿ ಅಲ್ಲಿ ನಿಂತು, ಊರಿಂದೂರಿಗೆ ತಿರುಗಿ ಭಾರತದ ವಿಧವೆಯರ ಸಂಕಟವನ್ನು ವಿವರಿಸಿದರು. 1887ರಲ್ಲಿ ಅವರ ಇಂಗ್ಲಿಷ್ ಗ್ರಂಥವು ಪ್ರಕಟವಾಯಿತು. ಬೋಸ್ಟನ್ ನಗರದಲ್ಲಿ ಅವರ ಕೆಲಸಕ್ಕೆ ಸಹಾಯ ಮಾಡುವ ಸಂಘವೂ ಹುಟ್ಟಿತು.

ಅಲ್ಲಿ ಅವರು ಫ್ರಾನ್ಸಿಸ್ ವಿಲ್ಲಾರ್ಡ್ ಎಂಬ ಮಹಿಳೆಯ ಸ್ನೇಹವನ್ನು ಸಂಪಾದಿಸಿದರು. ಈಕೆಯು ಕ್ರೈಸ್ತ ಸ್ತ್ರೀಯರ ಪಾನನಿರೋಧ ಸಂಘದ ಅಧ್ಯಕ್ಷೆ. ಬಿಳಿ ಪಟ್ಟಿಯನ್ನು ಗುರುತಾಗಿ ಧರಿಸುತ್ತಿದ್ದ ಈ ಸಂಘದ ಸ್ತ್ರೀಯರು ಮೊದಲು ಕುಡಿತವೊಂದನ್ನೇ ಎದುರಿಸಿದರು. ಆದರೆ ಕುಡುಕರ ಮನೆಗಳನ್ನು ಹೊಕ್ಕು ನೋಡಿದಂತೆಲ್ಲಾ, ಮದ್ಯದ ಅಂಗಡಿಯ ಹಿಂದಿನ ಬಾಗಿಲು ವೇಶ್ಯಾವಾಟಿಕೆಗೆ ತೆರೆಯುತ್ತದೆಂಬುದನ್ನು ಕಂಡುಕೊಂಡರು. ಆದಕಾರಣ ಹೆಂಗಸರ ಮಾನರಕ್ಷಣೆಗೆಂದು ತಮ್ಮ ಸಂಘದಲ್ಲಿಯೇ ಒಂದು ಶಾಖೆಯನ್ನು ಏರ್ಪಡಿಸಿದರು. ರಮಾಬಾಯಿಯವರನ್ನು ಭಾರತದಲ್ಲಿ ಈ ಸಂಘದ ಪರವಾಗಿ ಮಾತಾಡತಕ್ಕವರೆಂದು ನೇಮಿಸಿದರು.

ಆ ಶಾಖೆಯಲ್ಲಿ ದುಡಿದ ಕ್ಯಾಥರೀನ್ ಬುಶ್ನೆಲ್ ಎಂಬ ವೈದ್ಯಳ ಸಂಗತಿಯನ್ನು ಖಾನಾಪುರದ ಕಾಡಂಚಿನಲ್ಲಿರುವ ನಮ್ಮ ಸಭೆಯವರು ಕೇಳಬೇಕು. ಈಕೆಯು 1888ರಲ್ಲಿ ಅಮೇರಿಕದ ವಿಸ್ಕಾನ್ಸಿನ್ ಸೀಮೆಯ ಕಾಡುಗಳಿಗೆ ಹೋದಳು. ಅಲ್ಲಿ ಮರ ಕಡಿಯುವ ಕೂಲಿಗಳ ತಾಣಗಳ ಸುತ್ತಲೂ ಮದ್ಯದ ಕೋಣೆಗಳಿದ್ದವು. ಅವುಗಳೊಳಗೆ ಕೆಲಸ ಕೊಡಿಸುತ್ತೇವೆಂಬ ಸುಳ್ಳಿನಿಂದ ತಂದ ಹುಡುಗಿಯರು ಇದ್ದರು. ಇಂಥಾ ಕೇಡು ದೊಡ್ಡ ನಗರಗಳದ್ದೇ ಹೊರತು ಹಳ್ಳಿಯದಲ್ಲವೆಂದು ಹೇಳುತ್ತಿದ್ದವರ ಬಾಯನ್ನು ಆಕೆಯ ವರದಿಯು ಮುಚ್ಚಿಸಿತು. ಕೂಲಿಯ ಹಣ, ಕುಡಿತ, ಒಂಟಿ ಗಂಡಸರು, ಬಡವರ ಹೆಣ್ಣುಮಕ್ಕಳು, ದೂರದಲ್ಲಿರುವ ಪೊಲೀಸರು, ಇವು ಕೂಡಿದ ಕಡೆಯಲ್ಲೆಲ್ಲಾ ಆ ವ್ಯಾಪಾರವು ಬೇರೂರುತ್ತದೆ.

ದಂಡಿನ ಊರುಗಳ ಸಂಗತಿ

ಇದೇ ಬುಶ್ನೆಲ್ ವೈದ್ಯಳೂ ಎಲಿಜಬೆತ್ ಆಂಡ್ರ್ಯೂ ಎಂಬ ಜೊತೆಗಾರ್ತಿಯೂ 1891ರ ಕೊನೆಯಲ್ಲಿ ಭಾರತಕ್ಕೆ ಬಂದರು. ಬ್ರಿಟಿಷ್ ಸೈನ್ಯದ ದಂಡುಗಳಲ್ಲಿ ಸಿಪಾಯಿಗಳಿಗೋಸ್ಕರ ಹೆಂಗಸರನ್ನು ಪಟ್ಟಿಯಲ್ಲಿ ಬರೆದು, ಕಟ್ಟಡಗಳಲ್ಲಿ ಇರಿಸಿ, ವೈದ್ಯ ಪರೀಕ್ಷೆಗೆ ಒಳಪಡಿಸುವ ಪದ್ಧತಿಯು 1864ರ ದಂಡಿನ ಕಾಯ್ದೆಯ ಆಶ್ರಯದಲ್ಲಿ ಬೆಳೆದಿತ್ತು. ಇದನ್ನು ನಿಲ್ಲಿಸಬೇಕೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1888ರಲ್ಲಿ ನಿರ್ಣಯಿಸಿತ್ತು. ನಿಂತಿದೆಯೆಂದು ಅಧಿಕಾರಿಗಳು ಹೇಳುತ್ತಿದ್ದರು. ಈ ಇಬ್ಬರು ಸ್ತ್ರೀಯರು ಲಕ್ನೋ, ಮೀರತ್, ಅಂಬಾಲಾ, ರಾವಲ್ಪಿಂಡಿ, ಪೇಶಾವರ ಮೊದಲಾದ ಹತ್ತು ದಂಡುಗಳಿಗೆ ಹೋಗಿ, ಆ ಹೆಂಗಸರ ಪಕ್ಕದಲ್ಲಿ ಕುಳಿತು ವಿಚಾರಿಸಿ, ಅದು ನಿಂತಿಲ್ಲವೆಂದು ತೋರಿಸಿಕೊಟ್ಟರು. 1893ರಲ್ಲಿ ಲಂಡನ್ನಿನಲ್ಲಿ ಸಾಕ್ಷಿ ಕೊಟ್ಟರು. ಮೊದಲು ಅಲ್ಲಗಳೆದಿದ್ದ ಸೇನಾಪತಿ ಲಾರ್ಡ್ ರಾಬರ್ಟ್ಸ್ ಅವರೇ ಕಡೆಗೆ ಕ್ಷಮೆ ಕೇಳಬೇಕಾಯಿತು. ಮುಂದೆ ಅದೇ ಸ್ತ್ರೀಯರು ಅಫೀಮಿನ ವ್ಯಾಪಾರವನ್ನೂ ವಿಚಾರಿಸಿದರು. ಯಾಕಂದರೆ ಒಂದನ್ನು ಹಿಡಿದೆಳೆದರೆ ಇನ್ನೊಂದು ಕೈಗೆ ಬರುತ್ತಿತ್ತು.

ನಮ್ಮ ಬೆಳಗಾವಿಯೂ ದಂಡಿನ ಊರೇ. 1818ರಲ್ಲಿ ಕೋಟೆಯು ಇಂಗ್ಲಿಷರ ವಶವಾದ ತರುವಾಯ ಇಲ್ಲಿ ದಂಡು ನಿಂತಿತು. 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಅವರು ಬಂದರು. ದಂಡಿನ ಕಾಯ್ದೆಯೂ ಸೆರೆ ಅಂಗಡಿಯೂ ಪ್ರಾರ್ಥನಾಮಂದಿರವೂ ಒಂದೇ ಪೇಟೆಯ ಸುತ್ತಲೂ ಇದ್ದವು. ಮುಂಬಯಿ ಇಲಾಖೆಯಲ್ಲಿ 1878ರ ಅಬಕಾರಿ ಕಾಯ್ದೆಯಿಂದಲೂ ಅದೇ ವರ್ಷದ ಅಫೀಮು ಕಾಯ್ದೆಯಿಂದಲೂ ಮದ್ಯ ಮತ್ತು ಅಫೀಮು ಪರವಾನಿಗೆಯ ಅಂಗಡಿಗಳಲ್ಲಿ ಮಾರಲ್ಪಟ್ಟು, ಬೊಕ್ಕಸಕ್ಕೆ ಹಣ ಸೇರುತ್ತಿತ್ತು. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಕೂಸು ಅಳದಿರಲೆಂದು ಅಫೀಮಿನ ಗುಳಿಗೆಯನ್ನು ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದ ಕಾಲವದು. ಅಮಲು ಬಡತನದ ಜೊತೆಯಲ್ಲಿಯೇ ತೊಟ್ಟಿಲ ವರೆಗೂ ಬರುತ್ತದೆ.

ಯಾತ್ರಿಕಳ ವೇಷದಲ್ಲಿ

1889ನೆಯ ಮಾರ್ಚ್ 11ರಂದು ರಮಾಬಾಯಿಯವರು ಮುಂಬಯಿಯಲ್ಲಿ ಶಾರದಾ ಸದನವೆಂಬ ವಿಧವೆಯರ ಮನೆಯನ್ನು ತೆರೆದರು. ಮರುವರ್ಷ ಅದನ್ನು ಪುಣೆಗೆ ತಂದರು. 1893ರಲ್ಲಿ ಅಲ್ಲಿನ ಮಕ್ಕಳು ಕ್ರೈಸ್ತರಾಗುತ್ತಾರೆಂಬ ಭಯದಿಂದ ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಈ ಜಗಳವನ್ನು ನಾವಿಲ್ಲಿ ವಿಸ್ತರಿಸುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ತರುವಾಯದ ಸಂಗತಿ.

ಬೃಂದಾವನದಲ್ಲಿ ವಿಧವೆಯರ ಗತಿ ಏನಾಗುತ್ತದೆಂದು ತಿಳಿಯಬೇಕೆಂದು ಅವರು ಯಾತ್ರಿಕಳ ವೇಷ ಧರಿಸಿ ಅಲ್ಲಿಗೆ ಹೋದರು. ಕಂಡದ್ದು ಹೀಗೆ. ತರುಣ ವಿಧವೆಯರಿರುವ ಮನೆಗಳನ್ನು ಹುಡುಕಲಿಕ್ಕೆ ದಲ್ಲಾಳಿಗಳು ಹಳ್ಳಿಹಳ್ಳಿಗೆ ಕಳುಹಿಸಲ್ಪಡುತ್ತಿದ್ದರು. ಅವರು ಪುಣ್ಯದ ಮಾತಾಡಿ ಅವಳನ್ನು ಯಾತ್ರೆಗೆ ಹೊರಡಿಸುವರು. ಕ್ಷೇತ್ರವನ್ನು ಮುಟ್ಟಿದ ಮೇಲೆ ಅವಳ ಕೈಯ ಹಣವು ದಾನ ದಕ್ಷಿಣೆಗಳಲ್ಲಿ ಕರಗುವದು. ಹಣ ಮುಗಿದ ದಿನ ಬಾಡಿಗೆಯ ಸಾಲ ಹುಟ್ಟುವದು. ಸಾಲ ಹುಟ್ಟಿದ ದಿನ ಅವಳು ತನ್ನ ದೇಹಕ್ಕೆ ತಾನು ಒಡತಿಯಲ್ಲವೆಂದು ತಿಳಿಯುವಳು. ಊರಿಗೆ ಹಿಂದಿರುಗೋಣವೆಂದರೆ ಮನೆಯವರು ಬಾಗಿಲು ತೆರೆಯರು. ರಮಾಬಾಯಿಯವರು ಅಲ್ಲಿಂದ ಬಿಡಿಸಿ ತಂದವರು ಕೆಲವರೇ. ಆದರೆ ಆ ವ್ಯಾಪಾರದ ನಡೆಯನ್ನು ಮೊದಲಿನಿಂದ ಕಡೆಯ ವರೆಗೆ ಕಲಿತು ಬಂದರು. ಮೊದಲು ನಂಬಿಕೆ, ಆಮೇಲೆ ದೂರದ ಪ್ರಯಾಣ, ಆಮೇಲೆ ಸಾಲ, ಕಡೆಗೆ ನಾಚಿಕೆ. ಈ ನಾಲ್ಕು ಮೆಟ್ಟಲುಗಳು ಅಂದಿನಿಂದ ಇಂದಿಗೂ ಬದಲಾಗಿಲ್ಲ.

1896ರ ಕೊನೆಯಲ್ಲಿ ಮಧ್ಯ ಪ್ರಾಂತಗಳಲ್ಲಿ ಬರವು ಬಂತು. ರಮಾಬಾಯಿಯವರು ಅಲ್ಲಿಗೆ ಹೋಗಿ ಬಡವರ ಆಶ್ರಯಮನೆಗಳನ್ನು ನೋಡಿದರು. ಎಲುಬಿನ ಗೂಡುಗಳಂತಿದ್ದ ಹುಡುಗಿಯರು ಗಂಡಸರ ನಡುವೆಯೇ ಬಿದ್ದಿದ್ದರು. ಅನ್ನ ಹಂಚುವ ಕೆಲವರು ಅನ್ನಕ್ಕೆ ಬದಲಾಗಿ ಅವರ ಮಾನವನ್ನು ಕೇಳುತ್ತಿದ್ದರು. ಒಳ್ಳೇ ಬಟ್ಟೆ ಧರಿಸಿದ ಹೆಂಗಸರೂ ಗಂಡಸರೂ ಊರೂರು ತಿರುಗಿ, ಮುಖ ಚೆನ್ನಾಗಿದ್ದ ಮಕ್ಕಳನ್ನು ಆರಿಸಿ ಒಯ್ಯುತ್ತಿದ್ದರು. ಇವರಿಗೂ ರಮಾಬಾಯಿಯವರಿಗೂ ಓಟದ ಪಂದ್ಯವೇ ನಡೆಯಿತೆಂದು ಹೇಳಬಹುದು. ಕೈಯಲ್ಲಿ ಹೆಚ್ಚು ಹಣವಿಲ್ಲದೆ ಅವರು ಸುಮಾರು 300 ಮಂದಿ ಹುಡುಗಿಯರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು.

ಅದೇ 1897ರಲ್ಲಿ ಪುಣೆಯಲ್ಲಿ ಪ್ಲೇಗು ಇತ್ತು. ರಮಾಬಾಯಿಯವರ ಹುಡುಗಿಯರಲ್ಲಿ ಒಬ್ಬಳು ಪ್ಲೇಗಿನ ಆಸ್ಪತ್ರೆಗೆ ಒಯ್ಯಲ್ಪಟ್ಟು ಹಿಂದಿರುಗಲಿಲ್ಲ. ರಮಾಬಾಯಿಯವರು ಬಿಡದೆ ವಿಚಾರಿಸಿ, ಅವಳು ಅಲ್ಲಿನ ಕಾವಲುಗಾರನೊಬ್ಬನ ವಶವಾದಳೆಂದು ತಿಳಿದು, ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಸರ್ಕಾರದವರು ಸಿಟ್ಟಾದರು. ಒಬ್ಬ ಹುಡುಗಿಗೋಸ್ಕರ ಇಷ್ಟು ಗದ್ದಲವೇ ಎಂದು ಅನ್ನುವವರಿಗೆ ಅವರ ಬಾಳೇ ಉತ್ತರವಾಗಿತ್ತು. ಲೆಕ್ಕದಲ್ಲಿ ಒಬ್ಬಳು ಕಡಿಮೆಯಾದದ್ದನ್ನು ಗಮನಿಸಿ ಎಲ್ಲಿ ಹೋದಳೆಂದು ಕೇಳುವವರು ಇದ್ದರೆ ಮಾರುವವನ ಕೈ ನಡುಗುತ್ತದೆ. ಈ ಮಾತನ್ನು ಬರೆಯುವಾಗ ನಮ್ಮ ಕೈಯೂ ನಡುಗುತ್ತದೆ. ಯಾಕಂದರೆ ಮೇಲೆ ಹೇಳಿದ ಮನೆಯಲ್ಲಿ ನಾವು ಕೇಳಲಿಲ್ಲ.

ಮುಕ್ತಿ

ಪುಣೆಯಿಂದ ದೌಂಡಿಗೆ ಹೋಗುವ ರೈಲುದಾರಿಯಲ್ಲಿ ಕೇಡಗಾವೆಂಬ ಊರುಂಟು. ಅಲ್ಲಿ ಕೊಂಡ ಹೊಲದಲ್ಲಿ 1898ರಲ್ಲಿ ಮುಕ್ತಿ ಸದನದ ಪ್ರತಿಷ್ಠೆಯಾಯಿತು. 1900ರಲ್ಲಿ ಗುಜರಾತಿನ ಬರದಿಂದ ಮತ್ತೂ ನೂರಾರು ಮಕ್ಕಳು ಬಂದರು. ಆ ಊರಿನಲ್ಲಿ ಸಾಕಲ್ಪಡುವವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು. ಹೆಣ್ಣುಮಕ್ಕಳೇ ಬಾವಿಯ ನೀರು ಹಾಯಿಸಿ ತೋಟ ಬೆಳೆಸಿದರು, ಬಟ್ಟೆ ನೆಯ್ದರು, ಗಾಣದಿಂದ ಎಣ್ಣೆ ತೆಗೆದರು, ಅಚ್ಚುಕೂಟದಲ್ಲಿ ಅಕ್ಷರ ಜೋಡಿಸಿದರು. ಕುರುಡರಿಗೆ ಓದು ಕಲಿಸುವ ಏರ್ಪಾಡೂ ಆಯಿತು.

ಅಲ್ಲಿ ಕೃಪಾ ಸದನವೆಂಬ ಬೇರೊಂದು ಮನೆ ಇತ್ತು. ಕೆಟ್ಟವರ ಕೈಗೆ ಸಿಕ್ಕಿ ಬಂದ ಹೆಂಗಸರಿಗೂ ಹುಡುಗಿಯರಿಗೂ ಅದು ಆಶ್ರಯ. ಫುಲ್ಹಾಮಿನಲ್ಲಿ ಕಂಡ ಬೀಜವು ಕೇಡಗಾವಿನ ಕಪ್ಪು ನೆಲದಲ್ಲಿ ಮೊಳೆಯಿತು. ಅಲ್ಲಿಗೆ ಬಂದ ಕೆಲವರು ಬೈದರು, ಕೆಲವರು ಓಡಿಹೋದರು, ಕೆಲವರು ರೋಗದಿಂದ ಸತ್ತರು. ರಮಾಬಾಯಿಯವರು ಅವರ ವಿಷಯದಲ್ಲಿ ಬೇಸರಗೊಳ್ಳದೆ, ಗದರಿಕೆಗೆ ಮೊದಲು ಊಟ, ಉಪದೇಶಕ್ಕೆ ಮೊದಲು ನಿದ್ರೆ, ಎಲ್ಲಕ್ಕೂ ಮೇಲಾಗಿ ಕೈಗೆ ಕೆಲಸ ಎಂಬ ಕ್ರಮವನ್ನು ಇಟ್ಟರು.

ಕಲಬುರ್ಗಿಯಲ್ಲಿಯೂ 1913ರ ಸುಮಾರಿಗೆ ಒಂದು ಶಾಲೆಯು ಇವರಿಂದಾಯಿತು. ಅದರ ಹೊಣೆಯನ್ನು ಮಗಳು ಮನೋರಮಾಬಾಯಿ ಹೊತ್ತಿದ್ದರು. ಹೀಗೆ ಕನ್ನಡ ನಾಡನ್ನು ಆರು ತಿಂಗಳ ಕೂಸಾಗಿ ಬಿಟ್ಟವರ ಕೆಲಸವು ಕನ್ನಡ ನಾಡಿಗೆ ಹಿಂದಿರುಗಿತು. 1919ರಲ್ಲಿ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರಲ್ಲಿ ಮನೋರಮಾಬಾಯಿ ತೀರಿಕೊಂಡರು. ಆ ದುಃಖದಲ್ಲಿಯೂ ರಮಾಬಾಯಿಯವರು, ಓದುಬರಹ ಕಡಿಮೆಯಿದ್ದ ಹೆಂಗಸರಿಗೆ ಅರ್ಥವಾಗಬೇಕೆಂದು ತಾವು ಮೂಲಭಾಷೆಗಳಿಂದ ಮಾಡುತ್ತಿದ್ದ ಮರಾಠಿ ಸತ್ಯವೇದದ ತರ್ಜುಮೆಯನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ನಿದ್ರೆಹೋದರು. ಮುಕ್ತಿ ಮಿಶನ್ ಇಂದಿಗೂ ಕೇಡಗಾವಿನಲ್ಲಿ ಅನಾಥರನ್ನೂ ದಿಕ್ಕಿಲ್ಲದ ಸ್ತ್ರೀಯರನ್ನೂ ಸಾಕುತ್ತಿದೆ.

ನಮ್ಮ ಸೀಮೆಗೆ ಇದರ ಪಾಠ

ರಮಾಬಾಯಿಯವರ ಕಾಲದಲ್ಲಿ ದಲ್ಲಾಳಿಯ ಗಾಳಕ್ಕೆ ಹಸಿವೆಯೇ ಹುಳುವಾಗಿತ್ತು. ಈಗ ಅಂಥಾ ಬರಗಾಲ ನಮ್ಮಲ್ಲಿಲ್ಲ. ಆದರೆ ಗಾಳ ಹಾಕುವವನು ಹುಳುವನ್ನು ಬದಲಾಯಿಸಿದ್ದಾನೆ. ಈಗಿನ ಹುಳು ಅಮಲು. ಹೇಗಂದರೆ, ಕುಡಿಯುವ ತಂದೆಗಾಗಲಿ ಗಾಂಜಾ ಸೇದುವ ಅಣ್ಣನಿಗಾಗಲಿ ಇಂದಿನ ಸೆರೆಯೊಂದೇ ಕಾಣುತ್ತದೆ, ನಾಳೆಯ ಮಗಳು ಕಾಣುವದಿಲ್ಲ. ಅಂಗಡಿಯ ಸಾಲ ಬೆಳೆಯುತ್ತದೆ. ಸಾಲ ತೀರಿಸುವವನು ಮನೆಗೆ ಉಪಕಾರಿಯಂತೆ ಬರುತ್ತಾನೆ. ಗೋವೆಯಲ್ಲೋ ಪುಣೆಯಲ್ಲೋ ಕೆಲಸವೆಂದಾಗಲಿ, ವರದಕ್ಷಿಣೆಯಿಲ್ಲದ ಮದುವೆಯೆಂದಾಗಲಿ ಹೇಳುತ್ತಾನೆ. ಇದು ಹಗ್ಗದ ಒಂದು ಎಳೆ. ಇನ್ನೊಂದು ಎಳೆಯು ಆ ಹುಡುಗಿ ಹೋಗಿ ಮುಟ್ಟಿದ ಮನೆಯಲ್ಲಿರುತ್ತದೆ. ಅಳುವವಳನ್ನು ಸುಮ್ಮನಿರಿಸಲಿಕ್ಕೆ ಅಲ್ಲಿ ಆಕೆಗೇ ಮದ್ಯವನ್ನೂ ಮತ್ತಿನ ಮಾತ್ರೆಗಳನ್ನೂ ಕೊಡುತ್ತಾರೆ. ಕೆಲವು ತಿಂಗಳಾದ ಮೇಲೆ ಬೀಗವೇ ಬೇಡ, ಅಮಲೇ ಬೀಗವಾಗುತ್ತದೆ. ಹೀಗೆ ತಂದೆಯ ಚಟವು ಮಗಳನ್ನು ಮಾರುತ್ತದೆ, ಮಾರಾಟವು ಮಗಳಿಗೆ ಚಟವನ್ನು ಅಂಟಿಸುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ಹಳೇ ದಾರಿಯೂ ಉಂಟು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಬಡವರ ಹುಡುಗಿಯರಿಗೆ ಮುತ್ತು ಕಟ್ಟಿ ಬಿಡುವ ಪದ್ಧತಿಯಿಂದ ಎಷ್ಟೋ ಮಂದಿ ಸಾಂಗ್ಲಿ, ಪುಣೆ, ಮುಂಬಯಿಗಳ ವೇಶ್ಯಾವಾಟಿಕೆಗಳನ್ನು ಸೇರಿದರು. ಬೆಳಗಾವಿ ಮುಂಬಯಿ ಇಲಾಖೆಯಲ್ಲಿದ್ದಾಗ 1934ರಲ್ಲಿಯೂ, ಕರ್ನಾಟಕದಲ್ಲಿ 1982ರಲ್ಲಿಯೂ ಇದನ್ನು ತಡೆಯುವ ಕಾಯ್ದೆಗಳಾದವು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಒಟ್ಟು 46,660 ಮಂದಿ ದೇವದಾಸಿಯರು ಲೆಕ್ಕಕ್ಕೆ ಬಂದರು. ಇಂಥಾ ಸ್ತ್ರೀಯರೇ ಕೂಡಿ ಕಟ್ಟಿಕೊಂಡ ಸಂಘಗಳು ಬೆಳಗಾವಿ ಜಿಲ್ಲೆಯಲ್ಲಿ ಮಾಡಿದ ಕೆಲಸವು ಬಹಳ ಮೆಚ್ಚತಕ್ಕದ್ದು. 2007ನೆಯ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವು ನಿಷೇಧವಾಯಿತು. ಆದರೆ ಒಂದು ಬಾಗಿಲು ಮುಚ್ಚಿದರೆ ಚಟವು ಇನ್ನೊಂದನ್ನು ಹುಡುಕುತ್ತದೆ. ಕಾಯ್ದೆಯು ಅಂಗಡಿಯನ್ನು ಮುಚ್ಚಬಲ್ಲದು, ಮನೆಯ ಸಾಲದ ಲೆಕ್ಕವನ್ನು ನೋಡಲಾರದು. ಅದನ್ನು ನೋಡಬೇಕಾದವರು ನೆರೆಯವರಾದ ನಾವೇ.

ಆದಕಾರಣ ಸಭೆಯ ಹಿರಿಯರಿಗೂ ತಾಯಂದಿರಿಗೂ ನಾವು ಬೇಡುವದೇನಂದರೆ:

ಮೊದಲನೆಯದಾಗಿ, ಕುಡುಕನ ಮನೆಗೆ ಹೋದಾಗ ಕುಡಿತವನ್ನು ಮಾತ್ರ ವಿಚಾರಿಸದೆ, ಸಾಲ ಯಾರಿಂದ ಬಂತು, ಮಕ್ಕಳು ಶಾಲೆಗೆ ಹೋಗುತ್ತಾರೋ, ದೂರ ಹೋದವಳ ವಿಳಾಸವೇನು ಎಂಬುದನ್ನೂ ವಿಚಾರಿಸಬೇಕು.

ಎರಡನೆಯದಾಗಿ, ಚಟ ಹತ್ತಿದವನು ಪಾಪಿಯೂ ಹೌದು, ರೋಗಿಯೂ ಹೌದು ಎಂದು ತಿಳಿಯಬೇಕು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಸೆಳವು ಬಂದು ಪ್ರಾಣಕ್ಕೆ ಅಪಾಯವಾಗುವದುಂಟು. ಆದುದರಿಂದ ಪ್ರಮಾಣ ಮಾಡಿಸಿ ಮನೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವ್ಯಸನದ ವಿಷಯವಾಗಿ ಸರ್ಕಾರದ ಸಹಾಯವಾಣಿ 14446.

ಮೂರನೆಯದಾಗಿ, ಹುಡುಗಿಯು ಕಾಣೆಯಾದರೆ ಮರ್ಯಾದೆ ಹೋಗುತ್ತದೆಂದು ಅಡಗಿಸಿಡದೆ ಒಡನೆ ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಸಹಾಯಕ್ಕೆ 1098, ಸ್ತ್ರೀಯರ ಸಹಾಯಕ್ಕೆ 181, ಪೊಲೀಸರಿಗೆ 112 ಎಂಬ ಅಂಕೆಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆಯಿರಿ. ಮೊದಲ ದಿನದ ವಿಚಾರಣೆಯು ಮುಂದಿನ ವರ್ಷದ ಹುಡುಕಾಟಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ನಾಲ್ಕನೆಯದೂ ಎಲ್ಲಕ್ಕಿಂತ ಕಠಿಣವಾದದ್ದೂ ಯಾವದಂದರೆ, ಹಿಂದಿರುಗಿ ಬಂದವಳನ್ನು ಸೇರಿಸಿಕೊಳ್ಳುವದು. ಬೃಂದಾವನದ ವಿಧವೆಯರನ್ನು ಅಲ್ಲಿಯೇ ಕಟ್ಟಿಹಾಕಿದ ಕಡೆಯ ಸಂಕೋಲೆ ಊರವರ ಮುಚ್ಚಿದ ಬಾಗಿಲಲ್ಲವೇ? ಮಾರಿದವನು ಆ ಬಾಗಿಲಿನ ಮೇಲೆಯೇ ಭರವಸವಿಟ್ಟಿರುತ್ತಾನೆ.

ನಾವು ಮೊದಲು ಹೇಳಿದ ಆ ಹುಡುಗಿಯು ಬದುಕಿ ಬಂದಿದ್ದಾಳೆ. ಆಕೆಯನ್ನು ಹುಡುಕಿ ತಂದವರು ನಾವಲ್ಲ. ಬೇರೆಯವರು ಬಿಡಿಸಿ ಕಳುಹಿಸಿದರು. ತಂದೆಯು ಈಗ ಔಷಧ ತೆಗೆದುಕೊಳ್ಳುತ್ತಿದ್ದಾನೆ. ಎರಡು ಸಾರಿ ಜಾರಿ ಬಿದ್ದು ಮತ್ತೆ ಎದ್ದಿದ್ದಾನೆ. ಆಕೆಯೂ ರಾತ್ರಿಯ ನಡುಕ ನಿಲ್ಲಲೆಂದು ವೈದ್ಯರ ಬಳಿಗೆ ಹೋಗುತ್ತಾಳೆ, ಹೊಲಿಗೆ ಕಲಿಯುತ್ತಾಳೆ. ಭಾನುವಾರ ಆರಾಧನೆಗೆ ಬಂದು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಹೆಂಗಸರ ಚಾಪೆಯ ಮೇಲೆ ಸ್ಥಳವಿದ್ದರೂ ಯಾರೂ ಆಕೆಯನ್ನು ಮುಂದಕ್ಕೆ ಕರೆಯಲಿಲ್ಲ. ಕಳೆದ ತಿಂಗಳು ಮಾತ್ರ ಒಬ್ಬ ಮುದುಕಿ ತನ್ನ ಸ್ಥಳವನ್ನು ಬಿಟ್ಟು ಹಿಂದಕ್ಕೆ ಹೋಗಿ ಆಕೆಯ ಪಕ್ಕದಲ್ಲಿ ಕುಳಿತಳು. ಅಕ್ಷರವರಿಯದ ಆ ಮುದುಕಿಯು ರಮಾಬಾಯಿಯವರ ಹೆಸರನ್ನು ಕೇಳಿರಲಾರಳು. ಆದರೆ ಅವರ ಕೆಲಸವನ್ನು ಅರಿತಿದ್ದಳು. ಮುಂದಿನ ಭಾನುವಾರ ಎರಡನೆಯವಳು ಯಾರು ಎದ್ದು ಹೋಗುವಳೋ ಎಂದು ನಾವು ಕಾದುಕೊಂಡಿದ್ದೇವೆ. ಓದುಗರೇ, ನಿಮ್ಮ ನಿಮ್ಮ ಸಭೆಗಳಲ್ಲಿಯೂ ಬಾಗಿಲ ಬಳಿ ಕುಳಿತವರು ಯಾರೆಂದು ಒಮ್ಮೆ ತಿರುಗಿ ನೋಡಿರಿ. ಕರ್ತನು ನಮಗೆ ಅದಕ್ಕೆ ಬೇಕಾದ ಧೈರ್ಯವನ್ನು ಕೊಡಲಿ.